ಇಬ್ಬರ ಸಂಬಳ, ಒಂದು ಮನೆ



ಮೊದಲ ಬಾಡಿಗೆ ಮನೆ ಹಿಡಿದ ಜೋಡಿಗೆ ಹಾಲು ಉಕ್ಕಿಸಲು ಒಳ್ಳೆಯ ದಿನ ನೋಡಿಕೊಡುವವರು ಎಷ್ಟೋ ಜನ ಸಿಗುತ್ತಾರೆ. ಬಾಡಿಗೆ ಯಾರ ಖಾತೆಯಿಂದ ಹೋಗುತ್ತದೆ, ಅಡ್ವಾನ್ಸಿನ ದುಡ್ಡು ಯಾರದು, ಊರಿಗೆ ಯಾರು ಎಷ್ಟು ಕಳಿಸುತ್ತೀರಿ ಎಂದು ಇಬ್ಬರನ್ನೂ ಕೂರಿಸಿಕೊಂಡು ಕೇಳುವವರು ಸಿಗುವುದಿಲ್ಲ. ಕೇಳಿದರೆ ಎಲ್ಲಿ ತಪ್ಪು ತಿಳಿಯುತ್ತಾರೋ ಎಂಬ ಸಂಕೋಚ ಹಿರಿಯರಿಗೆ. ಈಗಲೇ ದುಡ್ಡಿನ ಮಾತೆತ್ತಿದರೆ ಪ್ರೀತಿ ಕಡಿಮೆ ಅಂದುಕೊಂಡಾರು ಎಂಬ ಅಳುಕು ಆ ಇಬ್ಬರಿಗೆ. ಹೀಗಾಗಿ ಮೊದಮೊದಲು ಯಾರ ಫೋನ್ ಕೈಯಲ್ಲಿದ್ದರೆ ಅವರು ಸ್ಕ್ಯಾನ್ ಮಾಡಿ ಕೊಡುತ್ತಾ ಹೋಗುತ್ತಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಒಬ್ಬರ ಮನಸ್ಸಿನಲ್ಲಿ 'ನಾನೇ ಜಾಸ್ತಿ ಕೊಡ್ತಿದ್ದೀನಿ' ಎಂಬ ಮಾತು ಹುಟ್ಟುತ್ತದೆ. ಅದೇ ಹೊತ್ತಿಗೆ ಇನ್ನೊಬ್ಬರ ಮನಸ್ಸಿನಲ್ಲೂ ಅದೇ ಮಾತು ಹುಟ್ಟಿರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬರು ಬಾಡಿಗೆಯನ್ನು ಲೆಕ್ಕ ಹಿಡಿದಿರುತ್ತಾರೆ. ಇನ್ನೊಬ್ಬರು ದಿನಾ ಹೋಗುವ ಹಾಲು, ಸೊಪ್ಪು, ಸೋಪಿನಪುಡಿ, ಮನೆಗೆಲಸಕ್ಕೆ ಬರುವವರ ಸಂಬಳ, ಇಂಥವನ್ನು ಹಿಡಿದಿರುತ್ತಾರೆ.

ನಾನು ಬ್ಯಾಂಕಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಜಂಟಿ ಖಾತೆ ತೆರೆಯಲು ಬರುವ ಹೊಸ ಜೋಡಿಗಳನ್ನು ಕೌಂಟರಿನ ಈಚೆಯಿಂದ ನೋಡುತ್ತಿದ್ದೆ. ಹೆಸರು, ವಿಳಾಸ, ಆಧಾರ್, ಪ್ಯಾನ್, ಎಲ್ಲವನ್ನೂ ಸರಸರ ಬರೆಯುತ್ತಾರೆ. ಖಾತೆಯನ್ನು ಯಾರು ನಡೆಸಬಹುದು ಎಂಬ ಕಾಲಮಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಇಬ್ಬರಲ್ಲಿ ಯಾರಾದರೂ ಒಬ್ಬರು ಸಹಿ ಹಾಕಿದರೆ ಸಾಕೇ, ಇಬ್ಬರೂ ಹಾಕಬೇಕೇ? ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ನನ್ನ ಮುಖ ನೋಡಿ, "ನೀವೇ ಯಾವುದಾದ್ರೂ ಹಾಕಿ ಮೇಡಂ" ಅನ್ನುತ್ತಿದ್ದರು. ಮನೆಯಲ್ಲಿ ಆಗಬೇಕಾದ ಮಾತು ಬ್ಯಾಂಕಿನ ಕೌಂಟರಿಗೆ ಬಂದು ನಿಂತಿರುತ್ತಿತ್ತು. ಆ ಮಾತನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಖರ್ಚಿನ ಪಾಲು ನ್ಯಾಯವಾಗಿದೆಯೇ ಎಂದು ನೋಡುವಾಗ ಯಾರು ಎಷ್ಟು ಕೊಟ್ಟರು ಎಂಬುದನ್ನು ಬಿಡಿ. ಕೊಟ್ಟ ಮೇಲೆ ಯಾರ ಕೈಯಲ್ಲಿ ಎಷ್ಟು ಉಳಿಯಿತು, ಅದನ್ನು ನೋಡಿ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕಾಗದ, ಪೆನ್ನು ಹತ್ತಿರ ಇದ್ದರೆ ತೆಗೆದುಕೊಳ್ಳಿ, ಲೆಕ್ಕ ದೊಡ್ಡದೇನಲ್ಲ. ಬೆಂಗಳೂರಿನ ಒಂದು ಜೋಡಿ ಎಂದಿಟ್ಟುಕೊಳ್ಳಿ. ಗಂಡನ ಕೈಗೆ ಬರುವ ಸಂಬಳ 62,000 ರೂಪಾಯಿ, ಹೆಂಡತಿಯದು 38,000. ಬಾಡಿಗೆ 22,000, ಮೇಂಟೆನೆನ್ಸ್ 2,500. ದಿನಸಿ, ತರಕಾರಿ, ಹಾಲು 11,000. ಮನೆಗೆಲಸದವರಿಗೆ 3,000. ಕರೆಂಟ್, ನೀರು, ಗ್ಯಾಸ್, ಇಂಟರ್ನೆಟ್ ಎಲ್ಲ ಸೇರಿ 3,500. ಹೋಟೆಲು ಮತ್ತು ಮನೆಗೆ ತರಿಸುವ ಊಟ 4,000. ಔಷಧಿ, ರಿಪೇರಿ, ಮದುವೆ ಮುಂಜಿಗಳ ಉಡುಗೊರೆ 4,000. ಒಟ್ಟು 50,000.

ಇಬ್ಬರೂ ದುಡಿಯುತ್ತೇವೆ, ಇಬ್ಬರೂ ಸಮ, ಆದ್ದರಿಂದ ಅರ್ಧರ್ಧ ಅನ್ನುವುದು ಮೊದಲು ಹೊಳೆಯುವ ದಾರಿ. ಕೇಳಲು ಚೆನ್ನಾಗಿದೆ. ಇಬ್ಬರೂ 25,000 ಹಾಕುತ್ತಾರೆ. ಅವನ ಕೈಯಲ್ಲಿ 37,000 ಉಳಿಯುತ್ತದೆ, ಅವಳ ಕೈಯಲ್ಲಿ 13,000. ಇದರ ಮೇಲೆ ಅವನು ಓದಿಗೆ ಮಾಡಿದ ಸಾಲದ ಕಂತು 10,000 ಕಟ್ಟುತ್ತಾನೆ. ಅವಳು ಊರಿನಲ್ಲಿರುವ ತಾಯಿಗೆ ಮಾತ್ರೆಗೆ, ಮನೆಖರ್ಚಿಗೆ ಅಂತ 8,000 ಕಳಿಸುತ್ತಾಳೆ. ಈಗ ಅವನಲ್ಲಿ ಉಳಿದದ್ದು 27,000. ಅವಳಲ್ಲಿ 5,000. ಆ 5,000ದಲ್ಲಿ ಅವಳ ಓಡಾಟ, ಬಟ್ಟೆ, ಫೋನು, ಉಳಿತಾಯ ಎಲ್ಲ ಆಗಬೇಕು. ಅವನು ಎಸ್‌ಐಪಿ ಶುರು ಮಾಡುತ್ತಾನೆ; ಅವಳು ತಿಂಗಳ ಕೊನೆಯಲ್ಲಿ ಚಪ್ಪಲಿ ಕೊಳ್ಳುವುದನ್ನು ಮುಂದಕ್ಕೆ ಹಾಕುತ್ತಾಳೆ. ಒಂದೇ ಸೂರಿನಡಿ, ಒಂದೇ ತಟ್ಟೆ ಲೋಟದಲ್ಲಿ ಉಣ್ಣುವ ಇಬ್ಬರು ಬೇರೆ ಬೇರೆ ಆರ್ಥಿಕ ಸ್ಥಿತಿಯಲ್ಲಿ ಬದುಕತೊಡಗುತ್ತಾರೆ. ಅದು ಹೊರಗಿನವರಿಗೆ ಕಾಣುವುದೇ ಇಲ್ಲ.

ಎರಡನೆಯ ದಾರಿ ಸಂಬಳಕ್ಕೆ ತಕ್ಕಂತೆ ಪಾಲು. ಸಂಬಳ 62ಕ್ಕೆ 38 ಇರುವುದರಿಂದ ಅವನು 31,000 ಹಾಕಲಿ, ಅವಳು 19,000. ಸಾಲದ ಕಂತು, ತಾಯಿಯ ಖರ್ಚು ಕಳೆದ ಮೇಲೆ ಅವನಲ್ಲಿ 21,000, ಅವಳಲ್ಲಿ 11,000. ಮೊದಲಿನದಕ್ಕಿಂತ ಎಷ್ಟೋ ವಾಸಿ.

ಮೂರನೆಯದು ಹೀಗೆ. ಇಬ್ಬರ ಸಂಬಳ ಸೇರಿ 1,00,000. ಅದರಿಂದ ಮೊದಲು ಕಂತಿನ 10,000, ತಾಯಿಯ 8,000, ಮನೆಯ 50,000 ತೆಗೆದುಬಿಡಿ. ಉಳಿದ 32,000ವನ್ನು ಇಬ್ಬರಿಗೂ ಸಮನಾಗಿ ಹಂಚಿ. ತಲಾ 16,000. ಅಂದರೆ ಮನೆಗೆ ಅವನು 36,000 ಹಾಕುತ್ತಾನೆ, ಅವಳು 14,000 ಹಾಕುತ್ತಾಳೆ. ಕೊಡುವ ಮೊತ್ತ ನೋಡಿದರೆ ಅನ್ಯಾಯ ಅನ್ನಿಸಬಹುದು. ಉಳಿದದ್ದನ್ನು ನೋಡಿದರೆ ಇದಕ್ಕಿಂತ ಸಮನಾದ ಪಾಲು ಇನ್ನೊಂದಿಲ್ಲ.

ಇವುಗಳಲ್ಲಿ ಯಾವುದು ಸರಿ ಎಂದು ಕೇಳಿದರೆ, ಹೊಸ ಜೋಡಿಗೆ ಎರಡನೆಯದರಿಂದ ಶುರು ಮಾಡಿ ಅನ್ನುತ್ತೇನೆ. ಮೂರನೆಯದಕ್ಕೆ ಒಬ್ಬರ ಹೊರೆಯನ್ನು ಇನ್ನೊಬ್ಬರು ತಮ್ಮದೆಂದು ಒಪ್ಪಿಕೊಳ್ಳುವಷ್ಟು ವಿಶ್ವಾಸ ಬೇಕು. ಅದು ಬೆಳೆಯಲು ಕಾಲ ಹಿಡಿಯುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅರ್ಧರ್ಧ ಮಾತ್ರ, ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಹೊರತು, ಬೇಡ.

ಇಲ್ಲಿ ಊರಿಗೆ ಕಳಿಸುವ ದುಡ್ಡಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಮೊದಲ ಮನೆಯ ಜಗಳಗಳ ಬೇರು ಬಹಳ ಸಲ ಅಲ್ಲೇ ಇರುತ್ತದೆ. ಮಗ ತಂದೆತಾಯಿಗೆ ಕಳಿಸಿದರೆ ಅದು ಕರ್ತವ್ಯ, ಮಗಳು ತವರಿಗೆ ಕಳಿಸಿದರೆ ಅದು ಗುಟ್ಟು, ಹೀಗೆ ನಡೆದುಬಂದಿದೆ. ಅವಳ ಓದಿಗೆ ಅವಳ ಅಪ್ಪ ಹೊಲ ಮಾರಿರಬಹುದು, ಅವಳ ತಮ್ಮ ಇನ್ನೂ ಡಿಪ್ಲೊಮಾ ಓದುತ್ತಿರಬಹುದು. 2007ರಲ್ಲಿ ಬಂದ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ತಂದೆತಾಯಿಯನ್ನು ನೋಡಿಕೊಳ್ಳುವ ಹೊಣೆಯನ್ನು ಗಂಡುಮಕ್ಕಳ ಮೇಲೆ ಮಾತ್ರ ಹೊರಿಸಿಲ್ಲ. ಹೆಣ್ಣುಮಕ್ಕಳ ಮೇಲೂ ಅಷ್ಟೇ ಹೊಣೆ ಇಟ್ಟಿದೆ. ಹೊಣೆ ಇಬ್ಬರಿಗೂ ಇದೆ ಎಂದ ಮೇಲೆ ಕಳಿಸುವುದೂ ಬಹಿರಂಗವಾಗಿಯೇ ಆಗಲಿ. ಮನೆಖರ್ಚಿನ ಪಟ್ಟಿಯಲ್ಲಿ ಬಾಡಿಗೆಗಿಂತ ಮೇಲೆ, ಮೊದಲನೆಯ ಸಾಲಿನಲ್ಲೇ, ಎರಡೂ ಮನೆಗಳಿಗೆ ಹೋಗುವ ದುಡ್ಡನ್ನು ಬರೆಯಿರಿ. ಎಷ್ಟು ಸಾಧ್ಯವೋ ಅಷ್ಟು. ಬರೆದ ಮೇಲೆ ಅದರ ಬಗ್ಗೆ ಪ್ರತಿ ತಿಂಗಳು ಅನುಮತಿ ಕೇಳುವ ಪ್ರಸಂಗ ಇರಬಾರದು.

ಇನ್ನು ಅಡ್ವಾನ್ಸಿನ ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ರೂಢಿ ಬಹಳ ಹಳೆಯದು. ಈಗ ಐದು, ಆರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದಿದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯಗಳು ಒಪ್ಪಿ ತಮ್ಮ ಕಾನೂನಿನಲ್ಲಿ ತಂದರೆ ಮಾತ್ರ ಮಾಲೀಕರನ್ನು ಕಟ್ಟಿಹಾಕುತ್ತದೆ. ಹಾಗಾಗಿ ಮಾತಾಡಿ ಇಳಿಸಿಕೊಳ್ಳುವುದೇ ನಮಗಿರುವ ದಾರಿ.

ನಮ್ಮ ಉದಾಹರಣೆಯ ಮನೆಗೆ ಆರು ತಿಂಗಳ ಅಡ್ವಾನ್ಸ್ ಅಂದರೆ 1,32,000 ರೂಪಾಯಿ. ಅವನ ಉಳಿತಾಯ 40,000 ಇದೆ. ಉಳಿದ 92,000 ಎಲ್ಲಿಂದ? ಎಷ್ಟೋ ಮನೆಗಳಲ್ಲಿ ಇದಕ್ಕೆ ಉತ್ತರ ಹೆಂಡತಿಯ ಬಳೆ. ಮದುವೆಗೆ ಅವಳ ತಾಯಿ ಹಾಕಿದ ಎರಡು ಜೊತೆ ಬಳೆ ಬ್ಯಾಂಕಿನ ತಕ್ಕಡಿಗೆ ಬರುತ್ತವೆ. ಅಕ್ಕಸಾಲಿ ಒರೆಗಲ್ಲಿಗೆ ಉಜ್ಜಿ, ಕಲ್ಲಿನ ತೂಕ ಕಳೆದು, ಇಷ್ಟು ಗ್ರಾಂ ಎಂದು ಬರೆದು, ಬಟ್ಟೆಯ ಚೀಲದಲ್ಲಿಟ್ಟು ಅರಗಿನ ಮೊಹರು ಒತ್ತುತ್ತಾರೆ. ಗಂಡ ಫಾರಂಗೆ ಸಹಿ ಮಾಡುವಾಗ ಅವಳು ಪಕ್ಕದಲ್ಲಿ ಬರಿಯ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿರುತ್ತಾಳೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ನನಗೆ ಅನ್ನಿಸುತ್ತಿದ್ದುದು ಇದು: ಅರ್ಜಿ ಅವಳ ಹೆಸರಿನಲ್ಲಿ ಯಾಕಿಲ್ಲ?

ಒಡವೆ ಅವಳದ್ದು. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನಿಗಾಗಲಿ ಅವನ ಮನೆಯವರಿಗಾಗಲಿ ಅದರಲ್ಲಿ ಪಾಲಿಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮನೆಗಾಗಿ ಅವಳು ಸಂತೋಷದಿಂದ ಒಡವೆ ಕೊಟ್ಟರೆ ಕೊಡಲಿ. ಆದರೆ ಅದು ಅವಳು ಮನೆಗೆ ಕೊಟ್ಟ ಸಾಲ. ಅಡವಿನ ಚೀಟಿ ಅವಳ ಹೆಸರಿನಲ್ಲಿರಲಿ. ಬಡ್ಡಿ ಮನೆಖರ್ಚಿನ ಲೆಕ್ಕದಿಂದ ಹೋಗಲಿ. ಬಿಡಿಸುವ ತಾರೀಖನ್ನು ಈಗಲೇ ಗೊತ್ತುಮಾಡಿ, ತಿಂಗಳಿಗಿಷ್ಟು ಎಂದು ತೆಗೆದಿಡಿ. ಮನೆ ಬಿಡುವಾಗ ಮಾಲೀಕರು ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ವಾಡಿಕೆ. ಆ ಕಡಿತವೂ ಇಬ್ಬರ ಖರ್ಚು. ಅಡ್ವಾನ್ಸ್ ವಾಪಸ್ ಬಂದ ದಿನ ಎಲ್ಲವೂ ಗಂಡನ ಖಾತೆಗೆ ಬಿದ್ದು, ಅಲ್ಲಿಂದ ಮುಂದಿನ ಮನೆಗೆ ಹೋಗಿ, ಬಳೆ ಯಾವ ಲೆಕ್ಕದಲ್ಲಿತ್ತು ಎನ್ನುವುದೇ ಮರೆತುಹೋಗುವುದನ್ನು ತಪ್ಪಿಸಲು ಇದೊಂದೇ ದಾರಿ.

ಭೋಗ್ಯಕ್ಕೆ ಮನೆ ಹಿಡಿಯುವವರಿಗೆ ಇದು ಹತ್ತು ಪಟ್ಟು ಅನ್ವಯಿಸುತ್ತದೆ. ಲಕ್ಷಗಟ್ಟಲೆ ಹಣ ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವ ಪದ್ಧತಿ ನಮ್ಮ ಊರುಗಳಲ್ಲಿ ಇನ್ನೂ ಜೋರಾಗಿದೆ. ಆ ಮನೆಯನ್ನು ಮಾಲೀಕರು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ, ಕಂತು ಕಟ್ಟದೆ ಬಿಟ್ಟರೆ, ಬ್ಯಾಂಕಿನವರು ಬಂದು ಬಾಗಿಲು ತಟ್ಟುವುದು ನಿಮ್ಮದು. ಋಣಭಾರ ಪತ್ರ ತೆಗೆಸಿ ನೋಡದೆ, ಒಪ್ಪಂದವನ್ನು ನೋಂದಣಿ ಮಾಡಿಸದೆ, ಭೋಗ್ಯದ ಹಣ ಕೊಡಬೇಡಿ. ದುಡ್ಡು ಇಬ್ಬರದಾದರೆ ಪತ್ರದಲ್ಲಿ ಇಬ್ಬರ ಹೆಸರೂ ಇರಲಿ.

ಬಾಡಿಗೆಯ ಕರಾರಿನಲ್ಲೂ ಹಾಗೆಯೇ. ಹನ್ನೊಂದು ತಿಂಗಳ ಕರಾರು ಯಾಕೆ ಮಾಡುತ್ತಾರೆ ಎಂದು ಕೆಲವರು ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಹನ್ನೊಂದು. ಆ ಕರಾರಿನಲ್ಲಿ ಸಾಮಾನ್ಯವಾಗಿ ಗಂಡನ ಹೆಸರು ಮಾತ್ರ ಇರುತ್ತದೆ. ಇಬ್ಬರೂ ಬಾಡಿಗೆ ಕೊಡುವುದಾದರೆ ಇಬ್ಬರ ಹೆಸರನ್ನೂ ಸೇರಿಸಿ. ಇದರಿಂದ ಕೈಗೆ ಸಿಗುವ ಲಾಭವೂ ಇದೆ: ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಇಬ್ಬರೂ ತಾವು ತಾವು ಕೊಟ್ಟ ಪಾಲಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳಬಹುದು. ಅದಕ್ಕೆ ಇಬ್ಬರ ಖಾತೆಯಿಂದಲೂ ಬಾಡಿಗೆ ಹೋಗಿರಬೇಕು, ರಸೀದಿ ಬೇರೆ ಬೇರೆ ಇರಬೇಕು, ವರ್ಷದ ಬಾಡಿಗೆ 1,00,000 ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ.

ಮದುವೆಯಾಗದೆ ಒಟ್ಟಿಗೆ ಬಾಳುವ ಜೋಡಿಗಳೂ ಈ ಮಾತನ್ನು ಕೇಳುತ್ತಿರಬಹುದು. ಅವರಿಗೆ ಕಾಗದಪತ್ರ ಇನ್ನೂ ಮುಖ್ಯ. ಗಂಡಹೆಂಡತಿಗೆ ಕಾನೂನಿನಿಂದ ತಾನಾಗಿ ಬರುವ ವಾರಸುದಾರಿಕೆ ಅವರಿಗೆ ಬರುವುದಿಲ್ಲ. ಫ್ರಿಜ್ಜು ಯಾರದು, ವಾಷಿಂಗ್ ಮಷೀನಿನ ಕಂತು ಯಾರು ಕಟ್ಟುತ್ತಿದ್ದಾರೆ, ಅಡ್ವಾನ್ಸಿನಲ್ಲಿ ಯಾರ ಪಾಲು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಡುವುದು ಒಳ್ಳೆಯದು.

ಈಗ ತಿಂಗಳ ಬಿಲ್ಲುಗಳಿಗೆ ಬರೋಣ. ಹೊಸ ಮನೆಗೆ ಕಾಲಿಟ್ಟ ದಿನ ಮಾಡಬೇಕಾದ ಒಂದು ಸಣ್ಣ ಕೆಲಸವಿದೆ: ಕರೆಂಟ್ ಮೀಟರಿನ ಮುಂದೆ ನಿಂತು ಆವತ್ತಿನ ರೀಡಿಂಗಿನ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ. ಹಿಂದಿನ ಬಾಡಿಗೆದಾರರ ಬಾಕಿ ನಿಮ್ಮ ತಲೆಗೆ ಬರಬಾರದು. ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ 2023ರ ಜುಲೈಯಿಂದ ನಡೆಯುತ್ತಿದೆ. ಬಾಡಿಗೆ ಮನೆಯವರಿಗೂ ಅನ್ವಯಿಸುತ್ತದೆ. ಆ ಮನೆಯ ಸಂಪರ್ಕದ ಸಂಖ್ಯೆಗೆ ನಿಮ್ಮ ಆಧಾರ್ ಜೋಡಿಸಿ ಅರ್ಜಿ ಹಾಕಬೇಕು, ಮನೆ ಬಿಡುವಾಗ ಆ ಜೋಡಣೆ ಬಿಡಿಸಿಕೊಳ್ಳಬೇಕು. ಯೋಜನೆಯ ಲೆಕ್ಕ ಹೀಗಿದೆ: ನಿಮಗೆ ಗೊತ್ತುಮಾಡಿದ ಯೂನಿಟ್ ಮೀರಿದರೆ ಮೀರಿದ್ದಕ್ಕೆ ದುಡ್ಡು, 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲಿಗೆ ದುಡ್ಡು. 2,000 ವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಬೆಳಿಗ್ಗೆ ಸ್ವಿಚ್ ಹಾಕಿ ಮರೆತು ಇನ್ನೊಂದು ಗಂಟೆ ಬಿಟ್ಟರೆ ಇನ್ನೆರಡು ಯೂನಿಟ್. ಇಬ್ಬರಲ್ಲಿ ಒಬ್ಬರು ಮನೆಯಿಂದ ಕೆಲಸ ಮಾಡುವವರಾಗಿದ್ದು ಹಗಲೆಲ್ಲ ಎಸಿ ಓಡಿದರೆ ಆ ಗೆರೆ ದಾಟುವುದು ಸುಲಭ. ಆಗ 'ನಿನ್ನಿಂದ ಬಿಲ್ ಬಂತು' ಎಂಬ ಮಾತು ಬೇಡ. ಮನೆಯಿಂದ ಕೆಲಸ ಮಾಡುವುದರಿಂದ ಪೆಟ್ರೋಲು ಉಳಿದಿರುತ್ತದೆ, ಪಾರ್ಸೆಲ್ ತೆಗೆದುಕೊಳ್ಳಲು, ನೀರಿನವರು ಬಂದರೆ ಬಾಗಿಲು ತೆರೆಯಲು ಒಂದು ಜೀವ ಮನೆಯಲ್ಲಿರುತ್ತದೆ.

ನೀರಿನ ವಿಷಯ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರ ಕೈಮೀರಿ, ಮಾರ್ಚ್ ತಿಂಗಳಲ್ಲಿ ಜಿಲ್ಲಾಡಳಿತವೇ ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ಎಂದು ದರ ಕಟ್ಟಬೇಕಾಯಿತು. ಕಾವೇರಿ ನೀರಿದೆಯೇ, ಬೋರ್‌ವೆಲ್ ಮಾತ್ರವೇ, ಬೇಸಿಗೆಯ ಟ್ಯಾಂಕರ್ ಖರ್ಚು ಮೇಂಟೆನೆನ್ಸಿನಲ್ಲಿ ಸೇರಿದೆಯೇ ಎಂದು ಅಡ್ವಾನ್ಸ್ ಕೊಡುವ ಮುಂಚೆ ಕೇಳಿ.

ಆಮೇಲೆ ಊಟದ ಲೆಕ್ಕ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ಪಟ್ಟಣದ ಮನೆಗಳ ಖರ್ಚಿನಲ್ಲಿ 100 ರೂಪಾಯಿಗೆ ಸುಮಾರು 40 ರೂಪಾಯಿ ಆಹಾರಕ್ಕೆ ಹೋಗುತ್ತದೆ. ಅದರೊಳಗೆ ಅತಿ ದೊಡ್ಡ ಪಾಲು ಅಕ್ಕಿಬೇಳೆಯದಲ್ಲ, ಹಾಲಿನದೂ ಅಲ್ಲ. ಪಾನೀಯ ಮತ್ತು ಸಿದ್ಧ ತಿನಿಸುಗಳದು. ಹೊಸ ಜೋಡಿಯ ಬಜೆಟ್ಟು ಹಳಿ ತಪ್ಪುವುದೂ ಇಲ್ಲೇ. ಇಬ್ಬರೂ ಟ್ರಾಫಿಕ್ಕಿನಲ್ಲಿ ಸುಸ್ತಾಗಿ ಬಂದು ಬೀಳುತ್ತಾರೆ, ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಊಟ ತರಿಸುತ್ತಾರೆ. ಇದನ್ನು ಸೋಮಾರಿತನ ಎಂದು ನಾನು ಕರೆಯುವುದಿಲ್ಲ. ಇದು ಮನೆಗೆಲಸ ಹಂಚಿಕೊಳ್ಳದಿರುವುದಕ್ಕೆ ತೆರುವ ಬೆಲೆ. ಒಬ್ಬರೇ ಅಡುಗೆ ಮಾಡಬೇಕಾದ ಮನೆಯಲ್ಲಿ ಆ ಒಬ್ಬರು ದಣಿದ ದಿನ ಒಲೆ ಹಚ್ಚುವವರಿರುವುದಿಲ್ಲ.

ಆ ಕೆಲಸದ ಪಾಲನ್ನು ದುಡ್ಡಿನ ಪಾಲಿನಿಂದ ಬೇರೆ ಮಾಡಿ ನೋಡಲು ಆಗುವುದಿಲ್ಲ. ದೇಶದ ಸಮಯ ಬಳಕೆ ಸಮೀಕ್ಷೆ 2024ರಲ್ಲಿ ಕಂಡುಕೊಂಡದ್ದು ಹೀಗಿದೆ: ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ವ್ಯತ್ಯಾಸ ಮೂರು ಗಂಟೆಗೂ ಮೇಲೆ. ಇಬ್ಬರೂ ಆಫೀಸಿಗೆ ಹೋಗುವ ಮನೆಯಲ್ಲಿ ಖರ್ಚು ಮಾತ್ರ ಅರ್ಧರ್ಧ, ಕೆಲಸ ಮಾತ್ರ ಹಳೆಯ ಹಾಗೆ ಎಂದರೆ ಅವಳು ಎರಡು ಸಲ ಕೊಟ್ಟಂತಾಯಿತು. ಪಾತ್ರೆ ತೊಳೆಯುವುದು, ಬಟ್ಟೆ ಮಡಿಸುವುದನ್ನು ಹಂಚಿಕೊಂಡರೆ ಸಾಲದು. ಗ್ಯಾಸ್ ಬುಕ್ ಮಾಡುವುದು, ಹಾಲಿನ ಲೆಕ್ಕ ಇಡುವುದು, ಉದ್ದಿನಬೇಳೆ ಮುಗಿಯುತ್ತಾ ಬಂತು ಎಂದು ನೆನಪಿಟ್ಟುಕೊಳ್ಳುವುದು, ನಾಳೆ ಕೆಲಸದವರು ರಜ ಎಂದು ತಿಳಿದು ಇವತ್ತೇ ನೀರು ತುಂಬಿಸುವುದು. ತಲೆಯಲ್ಲಿ ಹೊತ್ತು ತಿರುಗುವ ಈ ಕೆಲಸಗಳನ್ನೂ ಹಂಚಿಕೊಳ್ಳಬೇಕು. ಕೇಳಿದರೆ ಮಾಡಿಕೊಡುತ್ತೇನೆ ಎನ್ನುವ ಗಂಡ ನೆನಪಿಡುವ ಕೆಲಸವನ್ನು ಹೆಂಡತಿಗೇ ಬಿಟ್ಟಿರುತ್ತಾನೆ. ಇಡೀ ತಿಂಗಳು ದಿನಸಿ ನಿನ್ನದು, ಬಿಲ್ಲುಗಳು ನನ್ನದು, ಮುಂದಿನ ತಿಂಗಳು ಅದಲುಬದಲು ಎಂದು ಮಾಡಿನೋಡಿ. ಯಾವುದು ಎಷ್ಟು ಭಾರ ಎಂದು ಇಬ್ಬರಿಗೂ ತಿಳಿಯುತ್ತದೆ.

ಇನ್ನು ದುಡ್ಡನ್ನು ಇಡುವ ಬಗೆ. ನಾನು ಮೂರು ಖಾತೆ ಎನ್ನುವವಳು. ಅವನದೊಂದು, ಅವಳದೊಂದು, ಮನೆಯದೊಂದು. ಸಂಬಳ ಬಂದ ಮರುದಿನವೇ ಇಬ್ಬರ ಖಾತೆಯಿಂದಲೂ ಗೊತ್ತುಮಾಡಿದ ಮೊತ್ತ ಮನೆಯ ಜಂಟಿ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಹೇಳಿಡಿ. ಬಾಡಿಗೆ, ಬಿಲ್ಲು, ದಿನಸಿ ಎಲ್ಲ ಅಲ್ಲಿಂದಲೇ; ಬಾಡಿಗೆ ಭತ್ಯೆಯ ವಿನಾಯಿತಿ ಇಬ್ಬರೂ ಕೇಳುವುದಾದರೆ ಬಾಡಿಗೆ ಮಾತ್ರ ಅವರವರ ಖಾತೆಯಿಂದ. ಆಗ ಯಾರು ಸ್ಕ್ಯಾನ್ ಮಾಡಿದರು ಎಂಬ ಪ್ರಶ್ನೆಯೇ ಬರುವುದಿಲ್ಲ. ಆ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದು ಎಂದೇ ಟಿಕ್ ಹಾಕಿ, ಒಬ್ಬರು ಆಸ್ಪತ್ರೆಯಲ್ಲಿದ್ದಾಗ ಇನ್ನೊಬ್ಬರು ಪರದಾಡಬಾರದು. ಜಂಟಿ ಖಾತೆ ಈಗಲೇ ಬೇಡ ಅನ್ನುವವರಿಗೆ ಯುಪಿಐ ಸರ್ಕಲ್ ಎಂಬ ಸೌಲಭ್ಯ 2024ರಲ್ಲಿ ಬಂದಿದೆ. ಒಬ್ಬರ ಖಾತೆಯಿಂದ ಇನ್ನೊಬ್ಬರು ತಮ್ಮ ಫೋನಿನಲ್ಲೇ ತಿಂಗಳಿಗೆ 15,000 ರೂಪಾಯಿವರೆಗೆ ಪಾವತಿ ಮಾಡಬಹುದು.

ಸ್ವಂತ ಖಾತೆಯಲ್ಲಿ ಉಳಿದದ್ದಕ್ಕೆ ಲೆಕ್ಕ ಕೇಳಬೇಡಿ. ಅವನು ಕ್ರಿಕೆಟ್ ಬ್ಯಾಟು ಕೊಳ್ಳಲಿ, ಅವಳು ಇಳಕಲ್ ಸೀರೆ ಕೊಳ್ಳಲಿ. ಮನೆಗೆ ಹಾಕಬೇಕಾದದ್ದನ್ನು ಹಾಕಿಯಾಗಿದೆ. ಆದರೆ ಹೆಂಡತಿಯ ಎಟಿಎಂ ಕಾರ್ಡು ಗಂಡನ ಪರ್ಸಿನಲ್ಲಿರುವ ಮನೆಗಳು ಇವತ್ತಿಗೂ ಇವೆ. ಅವಳ ಸಂಬಳ ಬಂದ ಮೆಸೇಜು ಅವನ ಫೋನಿಗೆ ಹೋಗುತ್ತದೆ, ಬಸ್ಸಿಗೆ ಅಂತ ಅವಳು ಅವನನ್ನು ಕೇಳಬೇಕು. ಇದನ್ನು ಸಂಸಾರದ ಹೊಂದಾಣಿಕೆ ಎಂದು ಒಪ್ಪಲು ನನಗೆ ಆಗುವುದಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಹೊಡೆತ ಬಡಿತದ ಜೊತೆಗೆ ಆರ್ಥಿಕ ಕಿರುಕುಳವನ್ನೂ ದೌರ್ಜನ್ಯವೆಂದೇ ಹೆಸರಿಸಿದೆ. ಅವಳಿಗೆ ಸಲ್ಲಬೇಕಾದ ಹಣ ತಡೆಯುವುದೂ, ಅವಳ ಸ್ತ್ರೀಧನ ಮಾರುವುದೂ ಅದರಲ್ಲಿ ಸೇರುತ್ತದೆ.

ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ಹೊಸಬರು ಮರೆಯುತ್ತಾರೆ. ಗಾಡಿಯ ಇನ್ಶೂರೆನ್ಸ್, ಗೌರಿ ಹಬ್ಬಕ್ಕೆ ಬಾಗಿನ, ದೀಪಾವಳಿಗೆ ಎರಡೂ ಮನೆಯವರಿಗೆ ಬಟ್ಟೆ, ಊರ ಜಾತ್ರೆಗೆ ಹೋಗಿಬರುವುದು, ಕರಾರು ನವೀಕರಣದ ಹೊತ್ತಿಗೆ ಬಾಡಿಗೆಯ ಏರಿಕೆ. ಎಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿ, ಬಂದದ್ದನ್ನು ತಿಂಗಳ ಪಟ್ಟಿಗೆ ಸೇರಿಸಿ. ಅಷ್ಟೇ.

ಬಾಡಿಗೆ ಕಟ್ಟುವ ಬದಲು ಸ್ವಂತದ್ದನ್ನೇ ಕೊಂಡುಬಿಡೋಣ ಎಂದು ಸಾಲಕ್ಕೆ ಬರುವ ಜೋಡಿಗಳಿಗೆ ಒಂದು ಮಾತು. ಗೃಹಸಾಲದ ಅರ್ಜಿಯಲ್ಲಿ ಇಬ್ಬರ ಸಂಬಳ ತೋರಿಸಿದರೆ ಹೆಚ್ಚು ಸಾಲ ಸಿಗುತ್ತದೆ, ಹೆಂಡತಿ ಸಹಸಾಲಗಾರಳಾಗಿ ಸಹಿ ಹಾಕುತ್ತಾಳೆ. ಸಾಲಕ್ಕೆ ಸಹಿ ಹಾಕಿದ ಮಾತ್ರಕ್ಕೆ ಮನೆ ಅವಳದಾಗುವುದಿಲ್ಲ. ಕ್ರಯಪತ್ರದಲ್ಲಿ ಹೆಸರಿದ್ದರೆ ಮಾತ್ರ ಒಡೆತನ. ಇಪ್ಪತ್ತು ವರ್ಷ ಕಂತು ಕಟ್ಟುವ ಹೊಣೆ ಇಬ್ಬರದು, ಆಸ್ತಿ ಒಬ್ಬರದು ಎಂಬ ಪತ್ರಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುವ ಮುಂಚೆ ಕರಡು ಪತ್ರ ತರಿಸಿಕೊಂಡು ಇಬ್ಬರೂ ಓದಿ.

ಕೊನೆಯದಾಗಿ, ಇಬ್ಬರ ಸಂಬಳದಲ್ಲಿ ಒಂದು ನಿಂತುಹೋಗುವ ದಿನದ ಮಾತು. ಕಂಪನಿ ಜನರನ್ನು ತೆಗೆದಾಗ ಯಾರದು ಬೇಕಾದರೂ ನಿಲ್ಲಬಹುದು. ಅದಕ್ಕಾಗಿ ಆರು ತಿಂಗಳ ಮನೆಖರ್ಚು, ನಮ್ಮ ಉದಾಹರಣೆಯಲ್ಲಿ 3,00,000, ಜಂಟಿ ಠೇವಣಿಯಾಗಿ ಕೂಡಿಸುತ್ತಾ ಹೋಗಿ. ಒಂದೇ ವರ್ಷದಲ್ಲಿ ಆಗದಿದ್ದರೂ ಸರಿ. ಇನ್ನೊಂದು ಸಂದರ್ಭ ಮಗು. 2017ರಲ್ಲಿ ಕಾನೂನು ತಿದ್ದುಪಡಿಯಾದಾಗಿನಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಇದೆ. ಆಮೇಲೆ ಮಗುವನ್ನು ನೋಡಿಕೊಳ್ಳುವವರಿಲ್ಲ ಎಂದು ಎಷ್ಟೋ ಹೆಣ್ಣುಮಕ್ಕಳು ಕೆಲಸ ಬಿಡುತ್ತಾರೆ. ಆಗ ಸಂಬಳಕ್ಕೆ ತಕ್ಕ ಪಾಲಿನ ಲೆಕ್ಕ ಅವಳ ಪಾಲು ಸೊನ್ನೆ ಅನ್ನುತ್ತದೆ. ಅವಳ ಖಾತೆಗೂ ಸೊನ್ನೆಯೇ ಬರುತ್ತದೆ. ಹೊತ್ತುಹೊತ್ತಿಗೆ ಹಾಲು, ಸ್ನಾನ, ಲಸಿಕೆ, ಜ್ವರ ನೋಡಿಕೊಂಡು ದಿನವಿಡೀ ದುಡಿಯುವವಳು ಇನ್ನೂರು ರೂಪಾಯಿಗೆ ಕೈಚಾಚುವ ಸ್ಥಿತಿ ಅದು.

ಹಾಗಾಗಿ ಆ ತಿಂಗಳಿಂದ ಮೂರನೆಯ ದಾರಿಗೆ ಬಂದುಬಿಡಿ. ಒಂದೇ ಸಂಬಳದಿಂದ ಮನೆಖರ್ಚು, ಕಂತು, ಎರಡೂ ಮನೆಗಳಿಗೆ ಕಳಿಸುವುದು ತೆಗೆದ ಮೇಲೆ ಉಳಿದದ್ದು 6,000 ಆಗಿದ್ದರೂ, ಅವಳ ಸ್ವಂತ ಖಾತೆಗೆ 3,000 ಹೋಗಲಿ. ಅವಳ ಪಿಪಿಎಫ್ ನಿಲ್ಲದಿರಲಿ. ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಖಾತೆ ಜೀವಂತ ಇರುತ್ತದೆ. ಗಂಡ ಹೆಂಡತಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಆ ಹಣವನ್ನು ಅವಳು ಠೇವಣಿ ಇಟ್ಟರೆ ಬರುವ ಬಡ್ಡಿಯನ್ನು ಮಾತ್ರ ತೆರಿಗೆ ಇಲಾಖೆ ಗಂಡನ ಆದಾಯಕ್ಕೆ ಸೇರಿಸುತ್ತದೆ. ಪಿಪಿಎಫ್ ಬಡ್ಡಿಗೆ ತೆರಿಗೆಯೇ ಇಲ್ಲದಿರುವುದರಿಂದ ಅಲ್ಲಿ ಆ ತೊಡಕೂ ಬರುವುದಿಲ್ಲ. ಈ ವರ್ಗಾವಣೆಯನ್ನು ಬಾಡಿಗೆ ಹೋಗುವ ತಾರೀಖಿಗೇ ಹಾಕಿಡಿ. ಅವಳು ತಿಂಗಳು ತಿಂಗಳು ನೆನಪಿಸುವ ಹಾಗೆ ಆಗಬಾರದು. ಅವನ ಕೆಲಸ ಹೋಗಿ ಅವಳೊಬ್ಬಳೇ ದುಡಿಯುವ ತಿಂಗಳುಗಳಲ್ಲೂ ಲೆಕ್ಕ ಇದೇ, ಅವನ ಖಾತೆಗೂ ಅರ್ಧ ಹೋಗಬೇಕು.